ನೆರೆಯ ಪ್ರಬಂಧಕ್ಕೆ ಕರ್ತೃ ಯಾರು?

ನಮ್ಮ ಕನ್ನಡ ಶಾಲೆಗಳ ಪ್ರಬಂಧದ ವಹಿಗಳಲ್ಲಿ ಒಂದು ನದಿಯು ಎಷ್ಟೋ ವರ್ಷಗಳಿಂದ ಒಂದೇ ತೆರನಾಗಿ ಉಕ್ಕಿ ಹರಿಯುತ್ತಿದೆ. ಅದಕ್ಕೆ ಹೆಸರಿಲ್ಲ, ಊರಿಲ್ಲ, ಆಳ ಅಗಲಗಳಿಲ್ಲ. ಮೊದಲನೆಯ ಪರಿಚ್ಛೇದದಲ್ಲಿ ಆಕಾಶವನ್ನು ಕಾರ್ಮೋಡಗಳು ಕವಿಯುತ್ತವೆ. ಎರಡನೆಯದರಲ್ಲಿ ವರುಣನು ಮುನಿಯುತ್ತಾನೆ. ಮೂರನೆಯದರಲ್ಲಿ ನದಿಯು ರುದ್ರರೂಪವನ್ನು ತಾಳುತ್ತದೆ. ನಾಲ್ಕನೆಯದರಲ್ಲಿ ದನಕರುಗಳು ತೇಲಿಹೋಗುತ್ತವೆ, ಗುಡಿಸಲುಗಳು ಕುಸಿಯುತ್ತವೆ, ಉದಾರಿಗಳು ಹಳೆಯ ಬಟ್ಟೆಗಳನ್ನು ಹಂಚುತ್ತಾರೆ. ಕಟ್ಟಕಡೆಗೆ ಪ್ರಕೃತಿಯ ಮುಂದೆ ಮಾನವನು ತೃಣಸಮಾನನೆಂಬ ವಾಕ್ಯದೊಡನೆ ನೀರು ಇಳಿದುಹೋಗುತ್ತದೆ. ಹತ್ತು ಅಂಕದ ಪ್ರಶ್ನೆಗೆ ಏಳು ಅಂಕ ನಿಶ್ಚಿತ. ಅಕ್ಷರ ದುಂಡಗಿದ್ದರೆ ಎಂಟು. 'ನೆರೆಯ ಹಾವಳಿ' ಎಂಬ ಈ ಪ್ರಬಂಧವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ನದಿಯನ್ನೇ ಕಾಣದ ಊರಿನ ಮಕ್ಕಳೂ ಅದನ್ನು ತಪ್ಪಿಲ್ಲದೆ ಒಪ್ಪಿಸಬಲ್ಲರು. ನೆರೆಯಲ್ಲಿ ಮನೆಯನ್ನು ಕಳೆದುಕೊಂಡ ಮಕ್ಕಳೂ ತಾವು ಕಂಡುದನ್ನು ಬಿಟ್ಟು ಅದನ್ನೇ ಒಪ್ಪಿಸುವರು.

ಈ ಪ್ರಬಂಧವನ್ನು ನಮ್ಮ ಶಾಲೆಗಳಿಂದ ಹೊರಗಟ್ಟಬೇಕೆಂಬುದು ನಮ್ಮ ವಾದ. ಶೈಲಿ ಹಳಸಿತೆಂದು ನಾವು ಹೀಗೆ ಹೇಳುತ್ತಿಲ್ಲ. ಹಳಸಿದ ಶೈಲಿಯನ್ನು ಸಹಿಸಬಹುದು. ಮದುವೆಯ ಕರೆಯೋಲೆಗಳಲ್ಲಿ ಅದನ್ನು ದಿನವೂ ಸಹಿಸುತ್ತೇವೆ. ಈ ಪ್ರಬಂಧವು ಸುಳ್ಳು ಹೇಳುತ್ತದೆ, ಅದೂ ಹತ್ತು ವರ್ಷದ ಮಗುವಿನ ಕೈಯಿಂದ ಹೇಳಿಸುತ್ತದೆ ಎಂಬುದೇ ನಮ್ಮ ಆಕ್ಷೇಪ.

ಸುಳ್ಳು ಎಲ್ಲಿದೆಯೆಂದು ಕೇಳುವವರು ಒಮ್ಮೆ ವ್ಯಾಕರಣದ ಪಾಠವನ್ನು ನೆನೆಯಬೇಕು. ಯಾರು ಮಾಡಿದರೆಂದು ಪ್ರಶ್ನಿಸಿದಾಗ ದೊರೆಯುವ ಉತ್ತರವೇ ಕರ್ತೃ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. 'ನದಿಯು ಮನೆಗಳನ್ನು ನುಂಗಿತು.' ಯಾರು ನುಂಗಿದರು? ನದಿ. ಸರಿ, ನದಿಯೇ ಅಪರಾಧಿ. ಇನ್ನು ವೃತ್ತಪತ್ರಿಕೆಯಿಂದ ನಮ್ಮ ಪ್ರಬಂಧಗಳಿಗೆ ಇಳಿದುಬಂದ ಇನ್ನೊಂದು ಬಗೆಯ ವಾಕ್ಯವನ್ನು ನೋಡೋಣ: 'ಜಲಾಶಯದಿಂದ ನೀರನ್ನು ಬಿಡಲಾಯಿತು.' ಯಾರು ಬಿಟ್ಟರು? ವಾಕ್ಯದಲ್ಲಿ ಉತ್ತರವಿಲ್ಲ. 'ತಗ್ಗು ಪ್ರದೇಶಗಳು ಜಲಾವೃತವಾದವು.' ಆ ತಗ್ಗಿನಲ್ಲಿ ಕಟ್ಟಡವನ್ನು ಕಟ್ಟಿದವರು ಯಾರು, ಕಟ್ಟಲು ಒಪ್ಪಿಗೆ ಕೊಟ್ಟವರು ಯಾರು? ವಾಕ್ಯ ಬಾಯಿ ಬಿಡುವುದಿಲ್ಲ. ಕರ್ಮಣಿ ಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆಂದು ಹೇಳುವ ನಾವೇ ನೆರೆಯ ವಿಷಯ ಬಂದೊಡನೆ ಅದರ ಮೊರೆಹೋಗುವುದೇಕೆ? ಅದು ಕಚೇರಿಗಳ ಛತ್ರಿ. ಅದರ ಕೆಳಗೆ ನಿಂತವರು ಯಾರೂ ನೆನೆಯುವುದಿಲ್ಲ. ಹೀಗೆ ಮಗುವು ಕಲಿಯುವುದು ಎರಡೇ ಬಗೆಯ ವಾಕ್ಯಗಳನ್ನು: ನದಿಯೇ ಕರ್ತೃವಾಗಿರುವ ವಾಕ್ಯ, ಕರ್ತೃವೇ ಇಲ್ಲದ ವಾಕ್ಯ. ಮನುಷ್ಯನು ಕರ್ತೃವಾಗಿರುವ ವಾಕ್ಯವೊಂದು ಆ ಇಡೀ ಪ್ರಬಂಧದಲ್ಲಿ ದೊರೆಯುವುದಾದರೆ ಅದು ಹಳೆಯ ಬಟ್ಟೆಗಳನ್ನು ಹಂಚಿದ ವಾಕ್ಯವೊಂದೇ.

ಇದು ಬರಿಯ ಹೊತ್ತುಕಳೆಯುವ ಚರ್ಚೆಯಾಗದಂತೆ ಒಂದು ನಿಜವಾದ ನದಿಯನ್ನು, ಒಂದು ನಿಜವಾದ ನೆರೆಯನ್ನು ಎತ್ತಿಕೊಳ್ಳೋಣ. ತಾಂಡೂರಿನ ಕಡೆಯ ನಮಗೆ ಅದಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ವಿಕಾರಾಬಾದಿನ ಹತ್ತಿರದ ಅನಂತಗಿರಿ ಗುಡ್ಡಗಳ ಮೇಲೆ ಬಿದ್ದ ಮಳೆಯು ಎರಡು ದಿಕ್ಕಿಗೆ ಹರಿಯುತ್ತದೆ. ಪಡುವಣಕ್ಕೆ ಇಳಿದ ನೀರು ಕಾಗಿಣಾ ನದಿಯಾಗಿ ತಾಂಡೂರನ್ನು ದಾಟಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಪಕ್ಕದಲ್ಲಿ ಹಾದು ಭೀಮೆಯನ್ನು ಸೇರುವುದು. ಮೂಡಣಕ್ಕೆ ಇಳಿದ ನೀರು ಮೂಸಿ ನದಿಯಾಗಿ ಹೈದರಾಬಾದು ನಗರವನ್ನು ಇಬ್ಭಾಗ ಮಾಡಿಕೊಂಡು ಹೋಗಿ ಕೃಷ್ಣೆಯನ್ನು ಸೇರುವುದು. ಒಂದೇ ಗುಡ್ಡದ ಎರಡು ಮಕ್ಕಳು. ಒಂದು ನೃಪತುಂಗನ ಊರಿಗೆ ಹೋಯಿತು, ಇನ್ನೊಂದು ನಿಜಾಮನ ಊರಿಗೆ.

2025ನೆಯ ಇಸವಿಯ ಸೆಪ್ಟಂಬರ 26ರ ರಾತ್ರಿ ಆ ಎರಡನೆಯ ಮಗುವು ಹೈದರಾಬಾದಿನಲ್ಲಿ ದಡ ಮೀರಿತು. ಮೂಸಿಯ ಮೇಲಿನ ಉಸ್ಮಾನ್ ಸಾಗರ, ಅದರ ಉಪನದಿ ಈಸಿಯ ಮೇಲಿನ ಹಿಮಾಯತ್ ಸಾಗರ, ಈ ಎರಡು ಕೆರೆಗಳಿಂದಲೂ ಕೂಡಿ ಮೂವತ್ತು ಸಾವಿರ ಕ್ಯೂಸೆಕ್ಸಿಗೂ ಮಿಗಿಲಾದ ನೀರನ್ನು ನದಿಗೆ ಬಿಟ್ಟಿದ್ದರು. ಮೂಸಾರಾಮ್‌ಬಾಗಿನ ಕೆಳಸೇತುವೆ ಮುಳುಗಿತು. ಚಾದರ್‌ಘಾಟಿನ ಕೆಳಗಣ ಮೂಸಾನಗರ, ಶಂಕರನಗರಗಳ ಮನೆಗಳಿಗೆ ನೀರು ನುಗ್ಗಿತು. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದ ಅಂಗಳದಲ್ಲಿ ಬಸ್ಸುಗಳು ನೀರಿನಲ್ಲಿ ನಿಂತವು. ಅಲ್ಲಿ ಸಿಕ್ಕಿಕೊಂಡ ಪ್ರಯಾಣಿಕರನ್ನು ಸಿಬ್ಬಂದಿಯವರು ಸುರಕ್ಷಿತವಾಗಿ ಹೊರತಂದರು. ಆ ಶ್ರಮಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಮರುದಿನದಿಂದ ಕಿವಿಗೆ ಬಿದ್ದ ಮಾತು ಮಾತ್ರ ಒಂದೇ: 'ಮೂಸಿ ಮುನಿದಳು.'

ದಸರೆಯ ರಜೆಯಲ್ಲಿ ನಾವು ನಾಲ್ವರು ಉಪಾಧ್ಯಾಯರು ಆ ಕೇರಿಗಳಲ್ಲಿ ನಡೆದೆವು. ಪ್ರಬಂಧದ ನೆರೆಯನ್ನು ಬಲ್ಲವರು ನಿಜವಾದ ನೆರೆ ಇಳಿದ ಮೇಲಿನ ಬೀದಿಯನ್ನು ಗುರುತಿಸಲಾರರು. ಅಲ್ಲಿ ರುದ್ರರೂಪವೆಂಬುದಿಲ್ಲ. ಇರುವುದು ವಾಸನೆ, ಚರಂಡಿಯ ನೀರೂ ನದಿಯ ನೀರೂ ಒಂದಾಗಿ ಹೂಳಾಗಿ ಕುಳಿತ ವಾಸನೆ. ಪ್ರತಿ ಗೋಡೆಯ ಮೇಲೂ ನೀರು ನಿಂತ ಎತ್ತರವನ್ನು ತೋರಿಸುವ ಒಂದು ಕಂದು ಗೆರೆ. ಬೀದಿಯ ಮೇಲ್ತುದಿಯ ಮನೆಯಲ್ಲಿ ಅದು ಮೊಣಕಾಲಿನವರೆಗೆ, ಐವತ್ತು ಹೆಜ್ಜೆ ಕೆಳಗೆ ಸೊಂಟದವರೆಗೆ, ಇನ್ನೂ ಕೆಳಗೆ ಬಾಗಿಲ ಚೌಕಟ್ಟಿನ ಮೇಲಣ ಪಟ್ಟಿಯವರೆಗೆ. ಗೆರೆ ಎಲ್ಲಿಯೂ ಸೊಟ್ಟಗಿರಲಿಲ್ಲ, ಇಳಿದದ್ದು ನೆಲ. ನೀರಿನ ಮಟ್ಟವು ಸಮವಾಗಿರುವುದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ಯಾವ ತರಬೇತಿ ಶಾಲೆಯೂ ಕೊಡಲಾರದು.

ಕಟ್ಟೆಗಳ ಮೇಲೆ ಹಾಸಿಗೆಗಳನ್ನು ಮಡಿಸದೆ ಹಾಕಿದ್ದರು. ನೀರು ಕುಡಿದ ಹತ್ತಿಯ ಹಾಸಿಗೆಯನ್ನು ಇಬ್ಬರು ಎತ್ತಲಾರರು, ಅದು ಒಣಗುವುದೂ ಇಲ್ಲ. ಹೊಲಿಗೆಯ ಯಂತ್ರವೊಂದನ್ನು ಬಿಚ್ಚಿ ಅದರ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟಿದ್ದರು. ಪಡಿತರದ ಅಕ್ಕಿ ಚೀಲದೊಳಗೇ ಉಬ್ಬಿ ಹುಳಿವಾಸನೆ ಬಂದಿತ್ತು. ಅದನ್ನು ಬೀದಿಗೆ ಸುರಿಯಲು ಮನೆಯಾಕೆಗೆ ಮನಸ್ಸು ಬಾರದು, ಒಳಗೆ ಇಟ್ಟುಕೊಳ್ಳುವಂತೆಯೂ ಇಲ್ಲ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಆಧಾರ್ ಚೀಟಿಗಳು, ಬ್ಯಾಂಕಿನ ಪಾಸ್‌ಪುಸ್ತಕಗಳು, ನಡುನಡುವೆ ಮಕ್ಕಳ ಶಾಲಾಪುಸ್ತಕಗಳು. ನಾಲ್ಕನೆಯ ತರಗತಿಯ ಗಣಿತದ ಪುಸ್ತಕವೊಂದರ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದುವು. ಅದನ್ನು ಬಿಡಿಸಲು ಹುಡುಗಿಯೊಬ್ಬಳು ಊಟದ ಚಮಚವನ್ನು ಉಪಯೋಗಿಸುತ್ತಿದ್ದಳು. ಮಕ್ಕಳು ನೆರೆಯನ್ನು ಕುರಿತು ಬರೆಯಬೇಕಾದುದು ಇದನ್ನಲ್ಲವೆ? ಆದರೆ ಈ ಹುಡುಗಿಯೂ ಪರೀಕ್ಷೆಗೆ ಕುಳಿತಾಗ ಕಾರ್ಮೋಡಗಳಿಂದಲೇ ಆರಂಭಿಸುವಳು; ಏಕೆಂದರೆ ಚಮಚಕ್ಕೆ ಅಂಕವಿಲ್ಲ.

ಆ ಬೀದಿಯಲ್ಲಿ ಉರ್ದು ಉಂಟು, ತೆಲುಗು ಉಂಟು. ನಮ್ಮ ಮಾತು ಕೇಳಿ ಒಬ್ಬ ತಾಯಿ ಕನ್ನಡದಲ್ಲಿಯೇ ಕರೆದು ನಿಲ್ಲಿಸಿದರು. ಸೇಡಮಿನ ಕಡೆಯವರು, ಕಟ್ಟಡದ ಕೂಲಿಗೆ ಬಂದು ನೆಲೆಸಿದವರು. ಎಚ್ಚರಿಕೆಯನ್ನು ಕೊಟ್ಟಿರಲಿಲ್ಲವೆ ಎಂದು ಕೇಳಿದೆವು. "ಕೊಟ್ಟಿದ್ರಿ ಸರ. ನೀರು ಬರ್ಲಿಕತ್ಯಾವ ಅಂತ ಮೈಕಿನ್ಯಾಗ ಒದರಿದ್ರು. ಎಲ್ಲಿಗಿ ಹೋಗ್ಬೇಕು ಅಂತ ಮಾತ್ರ ಯಾರೂ ಹೇಳಲಿಲ್ರಿ" ಎಂದರು. ಈ ವಾಕ್ಯಗಳಲ್ಲಿ ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿವೆ. ನೀರನ್ನು ಬಿಡಲಾಯಿತೆಂದು ಆಕೆ ಹೇಳಲಿಲ್ಲ. ಮೈಕಿನಲ್ಲಿ ಒದರಿದವರು ಯಾರೋ ಇದ್ದರು, ಹೇಳಬೇಕಾದುದನ್ನು ಹೇಳದೆ ಬಿಟ್ಟವರೂ ಇದ್ದರು ಎಂಬುದು ಆಕೆಗೆ ತಿಳಿದಿದೆ. ಶಾಲೆಯ ಕಟ್ಟೆಯನ್ನು ಹತ್ತದ ಆಕೆಯ ಕನ್ನಡವು ನಮ್ಮ ಮಾದರಿ ಪ್ರಬಂಧದ ಕನ್ನಡಕ್ಕಿಂತ ನಿಜವಾದುದು.

ಈಗ ಲೆಕ್ಕಕ್ಕೆ ಬರೋಣ. ಪ್ರಬಂಧಕಾರರು ಲೆಕ್ಕವನ್ನು ಗಣಿತದ ಮೇಷ್ಟರಿಗೆ ಬಿಟ್ಟುಬಿಡುವರಷ್ಟೆ. ಸುಳ್ಳು ಅಡಗಿಕೊಳ್ಳುವುದು ಆ ಸಂದಿಯಲ್ಲಿಯೇ. ಒಂದು ಕ್ಯೂಸೆಕ್ಸ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ಹತ್ತು ಅಡಿ ಎತ್ತರದ ನಮ್ಮ ತರಗತಿಯ ಕೋಣೆಯೊಂದು 3,000 ಘನ ಅಡಿಯಾಯಿತು. ಹಾಗಾದರೆ 30,000 ಕ್ಯೂಸೆಕ್ಸ್ ಹರಿಯುವ ನದಿಯು ಒಂದು ಸೆಕೆಂಡಿಗೆ ಹತ್ತು ತರಗತಿಗಳನ್ನು ತುಂಬಬಲ್ಲದು. ಐದನೆಯ ತರಗತಿಯ ಮಗು ಇದನ್ನು ಮಾಡಬಲ್ಲದು. ಮಾಡಿದಾಗ ಅದರ ಕಣ್ಣು ಅರಳುವುದನ್ನು ನಾವು ಕಂಡಿದ್ದೇವೆ.

ಇನ್ನು ಇದೇ ನದಿಯಲ್ಲಿ 1908ರ ಸೆಪ್ಟಂಬರ 28ರಂದು ಬಂದ ಮಹಾಪೂರವನ್ನು ನೋಡೋಣ. ಶಂಷಾಬಾದಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 12.8 ಅಂಗುಲ ಮಳೆ ಬಿದ್ದಿತ್ತು. ನಗರದಲ್ಲಿ ಹರಿದ ನೀರಿನ ಗರಿಷ್ಠ ಪ್ರಮಾಣವು ಸುಮಾರು 4,25,000 ಕ್ಯೂಸೆಕ್ಸ್ ಎಂದು ಎಣಿಸಿದರು. ಅಂದರೆ ಸೆಕೆಂಡಿಗೆ ನೂರನಾಲ್ವತ್ತು ತರಗತಿಗಳು. ಸತ್ತವರು ಸುಮಾರು 15,000 ಮಂದಿ. ಅಫ್ಜಲ್‌ಗಂಜಿನ ಉದ್ಯಾನದಲ್ಲಿದ್ದ ಒಂದು ಹುಣಿಸೆಯ ಮರವನ್ನು ಹತ್ತಿ ಸುಮಾರು ನೂರೈವತ್ತು ಜನರು ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣಕ್ಕೆ ಹೋದವರಿಗೆ ಆ ಮರವನ್ನು ತೋರಿಸುತ್ತಾರೆ.

ಆ ನೆರೆಯನ್ನು ವಿಚಾರಿಸಲು 1909ರಲ್ಲಿ ನಿಜಾಮ ಸರಕಾರವು ಕರೆಸಿದವರು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಜನ್ಮದಿನವನ್ನು ನಾವು ಹಾರ ಹಾಕಿ ಆಚರಿಸುತ್ತೇವೆ; ಅವರು ಇಲ್ಲಿ ಏನು ಮಾಡಿದರೆಂಬುದನ್ನು ಮಕ್ಕಳಿಗೆ ಹೇಳುವ ಶಾಲೆ ಎಷ್ಟಿರಬಹುದೋ ತಿಳಿಯದು. ಅವರು ವರುಣನ ಕೋಪವನ್ನು ಅಳೆಯಲಿಲ್ಲ. ನದಿಗೆ ನೀರು ತರುವ 862 ಚದರ ಮೈಲಿ ನೆಲವನ್ನು ಅಳೆದರು. ಅದರಲ್ಲಿದ್ದ ಕೆರೆಗಳನ್ನು ಎಣಿಸಿದರು. 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಕೆರೆಯ ಬದಿಯ ಊರಿನಲ್ಲಿ ಬೆಳೆದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೇಲಿನ ಕೆರೆಯ ಕೋಡಿ ಸಾಲದೆ ಏರಿ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಯ ಮೇಲೆ ಬೀಳುವುದು, ಅದೂ ಒಡೆಯುವುದು. ಮಳೆ ಒಂದು ಪಾಲು, ಒಡೆದ ಏರಿಗಳು ಇನ್ನೊಂದು ಪಾಲು. ಇದನ್ನು ತಿಳಿದ ಮೇಲೆ ಅವರು, ನಗರದ ಮೇಲ್ಗಡೆ ನೆರೆಯ ನೀರನ್ನು ತಡೆದು ಮೆಲ್ಲಗೆ ಬಿಡುವ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಒಂದು 1920ರಲ್ಲಿಯೂ ಇನ್ನೊಂದು 1927ರಲ್ಲಿಯೂ ಮುಗಿದವು. ಮೇಲೆ ಹೇಳಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಇವೇ.

ವಾಚಕರು ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1908ರಲ್ಲಿ ನಾಲ್ಕೂಕಾಲು ಲಕ್ಷ. 2025ರಲ್ಲಿ ಕೆರೆಗಳಿಂದ ಬಿಟ್ಟದ್ದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ. ಕೆರೆಗಳ ಕೆಳಗೆ ನಗರದ ಮೇಲೆಯೇ ಬಿದ್ದ ಮಳೆಯೂ ಅದಕ್ಕೆ ಕೂಡಿತೆಂಬುದನ್ನು ಒಪ್ಪೋಣ. ಇಷ್ಟು ಕಡಿಮೆ ನೀರಿಗೆ ನಗರದ ಅತಿ ದೊಡ್ಡ ಬಸ್ ನಿಲ್ದಾಣ ಮುಳುಗಿತೆಂದರೆ ಮುನಿದವರು ಯಾರು? ನದಿಯು ದೊಡ್ಡದಾಗಲಿಲ್ಲ; ಅದರ ಪಾತ್ರವನ್ನು ಕಿರಿದು ಮಾಡಿದರು. ಆ ನಿಲ್ದಾಣವು ಇರುವುದೆಲ್ಲಿ? ಮೂಸಿಯ ನಡುವಣ ಒಂದು ನಡುಗಡ್ಡೆಯ ಮೇಲೆ. ಇಮ್ಲಿಬನ್ ಎಂದು ಆ ಜಾಗದ ಹೆಸರು. ಹುಣಿಸೆಯ ತೋಪು ಎಂದು ಅರ್ಥ. 1994ರಲ್ಲಿ ಅದನ್ನು ಬಳಕೆಗೆ ತೆರೆದಾಗ ನೆರೆ ಸಂಭವಿಸಿ ಎಂಬತ್ತಾರು ವರ್ಷಗಳಾಗಿದ್ದವು, ವಿಶ್ವೇಶ್ವರಯ್ಯನವರ ವರದಿ ಬಂದು ಎಂಬತ್ತೈದು. ನದಿಯ ಎರಡು ಕವಲುಗಳ ನಡುವೆ ಸರಕಾರವೇ ಕಟ್ಟಿದ ನಿಲ್ದಾಣಕ್ಕೆ ನೀರು ಬಂದರೆ ಅದು ಪ್ರಕೃತಿ ವಿಕೋಪ. ಅಲ್ಲಿಂದ ಕೂಗಳತೆಯ ದೂರದಲ್ಲಿ ಕೂಲಿಯವನು ಕಟ್ಟಿದ ಎರಡು ಕೋಣೆಯ ಮನೆಗೆ ನೀರು ಬಂದರೆ ಅದು ಅತಿಕ್ರಮಣದ ಫಲ. ಈ ನಿಘಂಟನ್ನು ಬರೆದವರು ಯಾರೆಂದು ನಮಗೆ ತಿಳಿಯಬೇಕಾಗಿದೆ.

2024ರ ಸೆಪ್ಟಂಬರಿನಲ್ಲಿ, ಎಂದರೆ ಈ ನೆರೆಗೆ ಒಂದು ವರ್ಷ ಮೊದಲು, ಮೂಸಿಯನ್ನು ಸುಧಾರಿಸುವ ಯೋಜನೆಗಾಗಿ ಅಧಿಕಾರಿಗಳು ನದೀಪಾತ್ರದ ಮನೆಗಳನ್ನು ಅಳೆದು ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತುಗಳನ್ನು ಹಾಕಿದ್ದರು. ಕೆಲವು ಕುಟುಂಬಗಳನ್ನು ಸರಕಾರ ಕಟ್ಟಿಸಿದ ಎರಡು ಮಲಗುವ ಕೋಣೆಯ ಮನೆಗಳಿಗೆ ಸಾಗಿಸಿದರು. ಅಂಥ ಗುರುತಿನ ಪಕ್ಕದಲ್ಲಿಯೇ ವಿದ್ಯುತ್ತಿನ ಮೀಟರನ್ನು ಕೂರಿಸಿದ್ದುದನ್ನು ನಾವು ಕಂಡೆವು. ಮನೆಯ ಸಂಖ್ಯೆಯ ತಗಡೂ ಇತ್ತು. ಮೀಟರನ್ನು ನದಿ ಕೊಟ್ಟಿತೆ? ನಲ್ಲಿಯ ನೀರನ್ನು ವರುಣನು ಮಂಜೂರು ಮಾಡಿದನೆ? ಮತದ ಚೀಟಿಯನ್ನು ಬರೆದುಕೊಟ್ಟ ಕೈ ಯಾವುದು? ಬಸ್ ನಿಲ್ದಾಣದ ಗೋಡೆಯ ಮೇಲೆ ಅಂಥ ಗುರುತು ನಮ್ಮ ಕಣ್ಣಿಗೆ ಬೀಳಲಿಲ್ಲ.

ನಾವು ಅಪಾರ್ಥಕ್ಕೆ ಎಡೆಗೊಡಲು ಬಯಸುವುದಿಲ್ಲ. ನದಿಯ ಪಾತ್ರದೊಳಗೆ ಮಕ್ಕಳು ಮಲಗುವುದು ಅಪಾಯ. ಆ ಮನೆಗಳು ಅಲ್ಲಿಯೇ ಇರಲಿ ಎಂದು ಹೇಳುವವರ ಕರುಣೆಯಲ್ಲಿಯೂ ನಮಗೆ ನಂಬುಗೆ ಇಲ್ಲ. ಒಳ್ಳೆಯ ಜಾಗ ದೊರೆತರೆ ಹೋಗಬೇಕು. ಆದರೆ ಕೂಲಿ ದೊರೆಯುವ ಸ್ಥಳದಿಂದ ಹತ್ತಾರು ಮೈಲಿ ದೂರದಲ್ಲಿ, ನಡುವರ್ಷದಲ್ಲಿ ಮಗುವಿನ ಶಾಲೆಯನ್ನು ಬಿಡಿಸಿ ಕೊಡುವ ಮನೆಯು ಒಳ್ಳೆಯ ಜಾಗವೆ ಎಂಬುದನ್ನು ಹೋಗಬೇಕಾದವರನ್ನೇ ಕೇಳಬೇಕು. ಇನ್ನೊಂದು ಮಾತು. ಕೆರೆಗಳ ರಕ್ಷಣೆಗಾಗಿ 1996ರಲ್ಲಿ ಸರಕಾರವು 111ನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿ, ಎರಡೂ ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನೊಳಗಿನ 84 ಹಳ್ಳಿಗಳಲ್ಲಿ ಕಟ್ಟಡ ಕಾರ್ಖಾನೆಗಳಿಗೆ ಕಡಿವಾಣ ಹಾಕಿತ್ತು. 2022ರಲ್ಲಿ ಆ ಕಡಿವಾಣವನ್ನು ಸಡಿಲಿಸುವ ಆಜ್ಞೆ ಹೊರಟಿತು. ಮಣ್ಣು ಕುಡಿಯುವಷ್ಟು ನೀರನ್ನು ಸಿಮೆಂಟು ಕುಡಿಯದೆಂಬುದು ಮೂರನೆಯ ತರಗತಿಯ ವಿಜ್ಞಾನ ಪಾಠ. ಗುಡಿಸಲಿನವನ ಅತಿಕ್ರಮಣವು ಹತ್ತು ಗಜ. ಆಜ್ಞಾಪತ್ರದ ಅತಿಕ್ರಮಣಕ್ಕೆ ಅಳತೆಯ ಸರಪಳಿ ಸಾಲದು.

ನಮ್ಮ ಉಪಾಧ್ಯಾಯ ಬಂಧುಗಳು ಎತ್ತುವ ಆಕ್ಷೇಪಗಳನ್ನು ನಾವು ಬಲ್ಲೆವು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ರಾಜಕೀಯವನ್ನು ಹೇಳಬೇಕೆ ಎಂಬುದು ಮೊದಲನೆಯದು. ನೀರು ಎಷ್ಟು ಎತ್ತರ ನಿಂತಿತೆಂಬುದು ರಾಜಕೀಯವಾದರೆ ಅಡಿಪಟ್ಟಿಯೂ ರಾಜಕೀಯವೇ. ತರಬೇತಿ ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ ಸೂತ್ರವುಂಟು: ತಿಳಿದುದರಿಂದ ತಿಳಿಯದುದಕ್ಕೆ, ಮೂರ್ತದಿಂದ ಅಮೂರ್ತಕ್ಕೆ ಹೋಗಬೇಕು. ಆ ಸೂತ್ರಕ್ಕೆ ನಾವು ಪ್ರಮಾಣಪತ್ರ ಪಡೆದಿದ್ದೇವೆ. ಗೋಡೆಯ ಮೇಲಿನ ಗೆರೆ ಮೂರ್ತ. ವರುಣನ ಮುನಿಸು ಅಮೂರ್ತ. ಆದರೂ ಪ್ರಬಂಧದ ಗಂಟೆ ಬಾರಿಸಿದೊಡನೆ ನಮ್ಮ ಶಾಲೆಗಳು ಅಮೂರ್ತದಿಂದಲೇ ಹೊರಟು ಅಲ್ಲಿಯೇ ನಿಲ್ಲುತ್ತವೆ.

ಎರಡನೆಯ ಆಕ್ಷೇಪ: ಭಾಷಾಶಿಕ್ಷಕನಿಗೆ ವರ್ಣನೆ ಮುಖ್ಯ, ಲೆಕ್ಕವಲ್ಲ. ಮೇಲಿನ ಗಣಿತ ಪುಸ್ತಕವನ್ನೂ ಚಮಚವನ್ನೂ ಬರೆಯುವುದು ವರ್ಣನೆಯಲ್ಲವೆ? ಕನ್ನಡದಲ್ಲಿ ನೀರಿಗೆ ಸಂಬಂಧಿಸಿದ ಶಬ್ದಸಂಪತ್ತು ಸಣ್ಣದಲ್ಲ: ತೂಬು, ಕೋಡಿ, ಏರಿ, ಮಡುವು, ಹೂಳು, ಕೊರಕಲು, ಹಳ್ಳ, ತೊರೆ. ಇವುಗಳಲ್ಲಿ ಒಂದಾದರೂ ಆ ಮಾದರಿ ಪ್ರಬಂಧದಲ್ಲಿ ಬರುವುದಿಲ್ಲ. ಗಡಿಯ ಈಚೆಗಿರುವ ನಮಗೆ ಕನ್ನಡವು ಉಳಿದಿರುವುದೇ ಮನೆ, ಹೊಲ, ಶಾಲೆ ಈ ಮೂರರಲ್ಲಿ. ಶಾಲೆಯ ಕನ್ನಡವು ಹೊಲದ ಕನ್ನಡವನ್ನು ಹೊರಗೆ ನಿಲ್ಲಿಸಿದರೆ ಮಕ್ಕಳು ಯಾವುದರಲ್ಲಿ ನಿಜವನ್ನು ನುಡಿಯಬೇಕು? ಪ್ರವಾಹಕ್ಕೂ ಪಕ್ಕದ ಮನೆಗೂ ಕನ್ನಡದಲ್ಲಿ 'ನೆರೆ' ಎಂಬ ಒಂದೇ ಶಬ್ದವಿದೆ. ಇದನ್ನು ನಾನಾರ್ಥದ ಪಟ್ಟಿಯಲ್ಲಿ ಬರೆಯಿಸಿ ಒಂದು ಅಂಕ ಕೊಡುವರು. ಪ್ರಬಂಧದಲ್ಲಿ ಮಾತ್ರ ಮೊದಲನೆಯ ಅರ್ಥ ತುಂಬಿ ಹರಿಯುವುದು, ಎರಡನೆಯದು ಎಲ್ಲಿಯೂ ಕಾಣಿಸದು.

ಮೂರನೆಯವರು ಕೇಳುತ್ತಾರೆ: ಹೈದರಾಬಾದಿನ ಮೂಸಿಗೂ ನಮ್ಮ ಊರಿನ ಮಕ್ಕಳಿಗೂ ಏನು ನಂಟು? ಅನಂತಗಿರಿಯ ನಂಟನ್ನು ಆಗಲೇ ಹೇಳಿದೆವು. 2020ರ ಅಕ್ಟೋಬರದಲ್ಲಿ ಮೂಸಿಯು ಹೈದರಾಬಾದಿಗೆ ನುಗ್ಗಿದ ವಾರದಲ್ಲಿಯೇ ಕಾಗಿಣಾ ಉಕ್ಕಿ ಮಳಖೇಡದ ಸೇತುವೆಯನ್ನು ಮುಳುಗಿಸಿತು. ಆ ಸೇತುವೆ ಮುಳುಗಿದರೆ ಸೇಡಮು ಕಲಬುರಗಿಗಳ ನಡುವಣ ಹಾದಿ ಮುರಿಯುವುದೆಂದು ಆ ಸೀಮೆಯವರಿಗೆಲ್ಲ ಗೊತ್ತು. ನೃಪತುಂಗನ ರಾಜಧಾನಿಯನ್ನು ಕುರಿತು ಭಾಷಣ ಮಾಡುವವರು ಆ ಊರಿನ ಸೇತುವೆಯ ಎತ್ತರವನ್ನು ಕುರಿತೂ ಎರಡು ಮಾತು ಆಡಿದರೆ ನಾಡಿಗೆ ನಷ್ಟವಿಲ್ಲ.

ಅಂಕದ ಮಾತು ಉಳಿಯಿತು. ಪರೀಕ್ಷಕರು ಕಾರ್ಮೋಡಗಳನ್ನು ಕಾಣದಿದ್ದರೆ ಅಂಕ ಕೊಡುವುದಿಲ್ಲವೆಂಬ ಹೆದರಿಕೆ ನಮ್ಮವರಲ್ಲಿದೆ. ಪ್ರಾಥಮಿಕ ಶಾಲೆಯಲ್ಲಿ ಪರೀಕ್ಷಕರು ಯಾರು? ನಾವೇ. ಇಲ್ಲಿಯೂ ಕರ್ತೃವನ್ನು ಮರೆಮಾಡುವುದು ಬೇಡ. ಅಂಕವನ್ನು 'ಕೊಡಲಾಗುವುದಿಲ್ಲ', ಉಪಾಧ್ಯಾಯರು ಕೊಡುತ್ತಾರೆ. ಮುಂದಿನ ಪರೀಕ್ಷೆಯಲ್ಲಿ 'ನೆರೆಯ ಹಾವಳಿ' ಎಂದು ಪ್ರಶ್ನೆ ಕೊಡುವ ಬದಲು ಹೀಗೆ ಕೇಳಿ ನೋಡಲಿ: ನಿಮ್ಮ ಊರಿನ ಹಳ್ಳವೋ ಹೊಳೆಯೋ ಉಕ್ಕಿದಾಗ ನೀರು ಯಾರ ಮನೆಯವರೆಗೆ ಬಂದಿತು? ಅದಕ್ಕಿಂತ ಹಿಂದೆ ಎಲ್ಲಿಯವರೆಗೆ ಬಂದಿತ್ತೆಂದು ಅಜ್ಜಿ ಹೇಳುತ್ತಾರೆ? ಮೇಲ್ಗಡೆ ಕೆರೆ ಇದೆಯೆ, ಅದರ ತೂಬನ್ನು ತೆಗೆಯುವವರು ಯಾರು? ಎಚ್ಚರಿಕೆ ಕೊಟ್ಟವರು ಯಾರು, ಎಲ್ಲಿಗೆ ಹೋಗಿರೆಂದು ಹೇಳಿದರೆ? ನಿಮ್ಮ ಶಾಲೆಯು ಆ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ? ಪ್ರತಿಯೊಂದು ವಾಕ್ಯದಲ್ಲಿಯೂ ಕರ್ತೃಪದವನ್ನು ಗೆರೆ ಎಳೆದು ತೋರಿಸಲು ಹೇಳಲಿ. ವ್ಯಾಕರಣದ ಪಾಠವೂ ಅದರಲ್ಲಿಯೇ ಆಗುವುದು, ಗಂಟೆ ಉಳಿಯುವುದು.

ಈ ಬಗೆಯ ಬರಹಗಳನ್ನು ವಿದ್ಯಾರ್ಥಿಮಿತ್ರರು ತಮ್ಮ ಉಪಾಧ್ಯಾಯರ ಮೂಲಕ ಈ ಪತ್ರಿಕೆಗೆ ಕಳುಹಿಸಬಹುದೆಂದು ಸೂಚಿಸುತ್ತೇವೆ. ಸಂಪಾದಕರು ಸ್ಥಳ ಕೊಡುವರೆಂಬ ಭರವಸೆ ನಮಗಿದೆ. ಒಂದು ಪುಟ ಸಾಕು. ಊರಿನ ಹೆಸರು, ಹೊಳೆಯ ಹೆಸರು, ನೀರು ಬಂದ ವರ್ಷ, ಗೋಡೆಯ ಮೇಲೆ ಅದು ನಿಂತ ಎತ್ತರ ಅಡಿ ಅಂಗುಲಗಳಲ್ಲಿ, ಇಷ್ಟು ಮೇಲ್ಗಡೆ ಇರಬೇಕು. ಕಾರ್ಮೋಡಗಳಿದ್ದರೆ ಅವನ್ನು ಹೊಡೆದುಹಾಕಿ ಕಳುಹಿಸಬೇಕೆಂದು ಉಪಾಧ್ಯಾಯ ಬಂಧುಗಳಲ್ಲಿ ವಿನಂತಿ.